ಕಡ್ಡಿಪೆಟ್ಟಿಗೆ ಮೇಲಿನ ನಂಬರು

ಕುಂದಗೋಳದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಹೊಲದ ಉತಾರ ತೆಗೆಯುವುದು, ಬೆಳೆವಿಮೆ ತುಂಬುವುದು, ರೈಲು ಟಿಕೇಟು, ಕನ್ಯಾ-ವರಗಳ ಬಯೋಡೇಟಾ, ಯಾವುದಕ್ಕೂ ಇಲ್ಲ ಅನ್ನುವುದಿಲ್ಲ. ಹನ್ನೊಂದು ವರ್ಷ ಈ ಕುರ್ಚಿಯಲ್ಲಿ ಕೂತು ನಾನು ಕಲಿತದ್ದು ಇಷ್ಟು: ಜನರಲ್ಲಿ ಎರಡೇ ಜಾತಿ. ಕಾಗದ ಕೈಯಲ್ಲಿದ್ದರೂ ನಡುಗುವವರು ಒಂದು, ಕಾಗದವೇ ಇಲ್ಲದೆ ಬಂದು ನನ್ನನ್ನೇ ದಬಾಯಿಸುವವರು ಇನ್ನೊಂದು. ಯರಗುಪ್ಪಿಯ ಗುಲಾಮಹುಸೇನ ಚಾಚಾ ಈ ಎರಡನೆಯ ಜಾತಿಗೆ ಹಿರಿಯ.

ಚಾಚಾ ಪೇಂಟರ್. ಅಂಗಡಿಯ ಬೋರ್ಡು, ಶಾಲೆಯ ಗೋಡೆಯ ಸುವಿಚಾರ ಎಲ್ಲ ಬರೆಯುತ್ತಾನೆ. ಆದರೆ ಅವನು ಹೆಸರು ಮಾಡಿದ್ದು ಗಾಡಿಗಳ ನಂಬರ್ ಪ್ಲೇಟಿನಲ್ಲಿ. ಯರಗುಪ್ಪಿಯಿಂದ ಯಮನೂರಿನವರೆಗೆ ನಲವತ್ತು ವರ್ಷ ಟ್ರ್ಯಾಕ್ಟರು, ಟಂಟಂ, ಮೋಟರ್‌ಸೈಕಲ್ಲುಗಳ ಮೇಲೆ ಅವನ ಕೈಬರಹವೇ ಓಡಾಡಿದೆ. ಕನ್ನಡದ ಒಂಬತ್ತು ಬರೆದನೆಂದರೆ ಅದರ ಬಾಲವನ್ನು ಒಂದು ಸುತ್ತು ಹೆಚ್ಚೇ ಎಳೆದು, ತುದಿಯಲ್ಲಿ ಒಂದು ಚುಕ್ಕಿ ಇಡುತ್ತಿದ್ದ. ತಮ್ಮ ನಂಬರಿನಲ್ಲಿ ಒಂಬತ್ತು ಬರಲಿಲ್ಲವಲ್ಲ ಎಂದು ಮುಖ ಸಣ್ಣ ಮಾಡಿಕೊಂಡ ಗಿರಾಕಿಗಳನ್ನು ನಾನೇ ನೋಡಿದ್ದೇನೆ.

ಕೈ ಎಷ್ಟು ಚೆಂದವೋ ಬಾಯಿ ಅಷ್ಟೇ ಜೋರು. ಯಾರಾದರೂ “ಚಾಚಾ, ಒಮ್ಮೆ ಓದಿ ನೋಡ್ರಿ, ಬರೋಬ್ಬರಿ ಐತೇನ” ಅಂದರೆ ಮುಗಿಯಿತು. “ಬರಿಯೋದು ನನ್ನ ಕೆಲಸ, ಓದೋದು ನಿಮ್ಮ ಕೆಲಸ. ನನ್ನ ಕೈಯಾಗ ಒಂದ ಅಂಕಿ ತಪ್ಪಿದ್ದು ತೋರಸ್ರಿ, ಅವತ್ತ ಬ್ರಷ್ ಕೆಳಗಿಡ್ತೀನಿ!” ಎನ್ನುತ್ತಿದ್ದ. ನಲವತ್ತು ವರ್ಷದಲ್ಲಿ ಯಾರೂ ತೋರಿಸಿರಲಿಲ್ಲ. ಆ ಮಾತೇ ಅವನ ಆಸ್ತಿ.

ಆಮೇಲೆ ಸರಕಾರದ ಹೊಸ ಪ್ಲೇಟಿನ ಕಾಯಿದೆ ಬಂತು. ಹಳೆಯ ಗಾಡಿಗಳೆಲ್ಲ ಕೈಬರಹದ ಪ್ಲೇಟು ಕಿತ್ತು, ಮಷೀನು ಒತ್ತಿದ ಇಂಗ್ಲಿಷ್ ಅಂಕಿಯ ತಗಡು ಹಾಕಿಸಿಕೊಳ್ಳಬೇಕು. ಚಾಚಾನ ಧಂದೆಗೆ ಕಲ್ಲು ಬಿತ್ತು. “ಅದೇನ ಪ್ಲೇಟಲೇ, ಊಟದ ತಾಟು” ಎಂದು ಬೈದುಕೊಂಡು ತನ್ನ ಹನ್ನೆರಡು ವರ್ಷದ ಲೂನಾದ ಪ್ಲೇಟು ಬದಲಿಸದೆ ಕೂತ. ಒಂದು ದಿನ ಹುಬ್ಬಳ್ಳಿಗೆ ಬಣ್ಣ ತರಲು ಹೋದಾಗ ಪೊಲೀಸರು ತಡೆದು, ತಿಂಗಳೊಳಗೆ ಹಾಕಿಸದಿದ್ದರೆ ಗಾಡಿಯನ್ನೇ ಇಟ್ಟುಕೊಳ್ಳುತ್ತೇವೆ ಅಂದರು. ಮರುದಿನ ಬೆಳಿಗ್ಗೆ ಚಾಚಾ ನನ್ನ ಅಂಗಡಿಯಲ್ಲಿ ಹಾಜರು.

“ಸುನೀತಾ, ಆ ತಾಟಿಗೆ ನನ್ನ ಹೆಸರ ಹಚ್ಚವಾ.”

“ಆರ್‌ಸಿ ಕಾರ್ಡ್ ಕೊಡ್ರಿ ಚಾಚಾ.”

ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟ. ನಾನು ಈ ಕಡೆ ತಿರುಗಿಸಿದೆ, ಆ ಕಡೆ ತಿರುಗಿಸಿದೆ. ಎರಡೂ ಬದಿ ಹಾಲಿನಂತೆ ಬಿಳಿ. ಒಂದು ಅಕ್ಷರವಿಲ್ಲ.

“ಇದರಾಗ ಏನೂ ಇಲ್ಲಲ್ರೀ?”

“ಇತ್ತು. ಡಬ್ಬ್ಯಾಗಿನ ಕರೇ ಬಣ್ಣ ಚೆಲ್ಲಿತ್ತು. ಥಿನ್ನರ್ ಹಾಕಿ ಅಗದಿ ಸ್ವಚ್ಛ ಒರಸಿದೆ. ನೋಡ, ಕಲಿ ಐತೇನ ಎಲ್ಲೆರೆ?”

ಕಲೆ ಇರಲಿಲ್ಲ. ಕಲೆಯ ಜೊತೆ ಚಾಚಾನ ಹೆಸರು, ಊರು, ಗಾಡಿಯ ಜಾತಕ ಎಲ್ಲ ಒರೆಸಿಹೋಗಿತ್ತು. ಬೇರೆ ಯಾರಾದರೂ ಆಗಿದ್ದರೆ ಬಟ್ಟೆಯಿಂದ ಒರೆಸಿ ಸುಮ್ಮನಾಗುತ್ತಿದ್ದರು. ಪೇಂಟರ್‌ನ ಅಚ್ಚುಕಟ್ಟುತನ ಕಾರ್ಡನ್ನೇ ನುಂಗಿತ್ತು. ನನಗೆ ಸಿಟ್ಟೂ ಬಂತು, ನಗೆಯೂ ಬಂತು. ಕಾರ್ಡು ಬಂದಾಗ ಒಮ್ಮೆಯಾದರೂ ಓದಿದ್ದಿರೇನು ಎಂದು ಕೇಳಿದೆ. “ನನ್ನ ಗಾಡಿ ನಂಬರ್ ನನಗ ಗೊತ್ತಿಲ್ಲೇನ? ನಾನ ಬರದೀನಿ!” ಎಂದು ಗದರಿದ.

ಸರಿ, ಕಾರ್ಡಿಲ್ಲದಿದ್ದರೂ ದಾರಿಯಿದೆ. ಗಾಡಿಯ ನಂಬರಿನ ಜೊತೆಗೆ ಗಾಡಿಯ ಮೈಮೇಲೆ ಕೊರೆದಿರುವ ಚಾಸಿ ನಂಬರು, ಎಂಜಿನ್ ನಂಬರು ಬೇಕು. ತಗಡಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ಲಿನಿಂದ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಚಾಚಾ ಲೂನಾವನ್ನು ಅಂಗಡಿ ಮುಂದಿನ ಬೇವಿನ ನೆರಳಿಗೆ ತಂದು, ಅದರ ಹೊಟ್ಟೆಯಡಿ ಕೂತು, ಅರ್ಧ ತಾಸು ಉಜ್ಜಿ, ಎರಡು ಚೀಟಿ ತಂದ. ಒಂದಂಕಿಯೂ ಮಾಸದೆ ಬಂದಿತ್ತು. ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಬಹುದಿತ್ತು, ಅಷ್ಟು ಚೆಂದ.

ಪ್ಲೇಟಿನ ಮೇಲೆ ಕನ್ನಡದಲ್ಲಿ ೯೯೬೧ ಎಂದಿತ್ತು. ಎರಡು ಒಂಬತ್ತು, ಎರಡು ಬಾಲ, ಎರಡು ಚುಕ್ಕಿ. ನಂಬರು ಹೊಡೆದೆ, ಚಾಸಿ ಹೊಡೆದೆ, ಎಂಜಿನ್ ಹೊಡೆದೆ. ತಾಳೆಯಾಗುತ್ತಿಲ್ಲ ಎಂದಿತು ಕಂಪ್ಯೂಟರ್. ಮತ್ತೆ ಹೊಡೆದೆ. ಮತ್ತೆ ಅದೇ. ಮೂರನೆಯ ಸಲ ಚಾಚಾನೇ ಓದಿ ಹೇಳಿದ, ಅದೇ ಹಣೆಬರಹ.

“ನಿನ್ನ ಕಂಪ್ಯೂಟರ್ ಕೆಟ್ಟೇತಿ” ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೂ ಹಟ ಬಂತು. ಆ ೯೯೬೧ ಯಾವ ಗಾಡಿಯದೆಂದು ಬೇರೆ ಕಡೆ ಹುಡುಕಿದೆ. ಬಂದ ಉತ್ತರವನ್ನು ಎರಡು ಸಲ ಓದಿಕೊಂಡೆ.

“ಏನ ಬಂತು?”

“ಸ್ಕೂಟಿ ಅಂತ್ರಿ ಚಾಚಾ. ಗುಲಾಬಿ ಬಣ್ಣದ್ದು.”

ಬೆಳೆವಿಮೆ ತುಂಬಿಸಲು ಕೂತಿದ್ದ ಅಮೋಘಸಿದ್ದಪ್ಪ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ಮಾಲಕರ ಹೆಸರು ಪೂರ್ತಿ ತೋರಿಸುವುದಿಲ್ಲ. ಮೊದಲಲ್ಲಿ ‘ಮು’, ನಡುವೆ ಚುಕ್ಕಿಗಳು, ಕೊನೆಯಲ್ಲಿ ‘ಜ್’ ಇತ್ತು. “ಮುಮತಾಜ್ ಇರಬೇಕ ನೋಡ” ಎಂದ ಅಮೋಘಸಿದ್ದಪ್ಪ. “ಏನ ಸಾಹೇಬ್ರ, ಹನ್ನೆರಡ ವರ್ಷ ಮುಮತಾಜನ ಹೆಸರಿನ ಮ್ಯಾಲ ತಿರಗ್ಯಾಡೀರಿ, ಒಂದ ಮಾತ ಹೇಳಿಲ್ಲ!”

ಅಂಗಡಿಯಲ್ಲಿ ಐದಾರು ಮಂದಿ ಇದ್ದರು. ಎಲ್ಲರೂ ನಕ್ಕರು, ಸುಳ್ಳೇಕೆ, ನಾನೂ ನಕ್ಕೆ. ಚಾಚಾನ ಮುಖ ಕೆಂಪೇರಿತು. ಎದ್ದು ನಿಂತು, “ಪ್ಲೇಟ್ ಬರದಾವ ನಾನು. ತಪ್ಪ ನಿಮ್ಮ ಸರಕಾರದ್ದು. ನನ್ನದಂತ ತೋರಸ್ರಿ, ಬ್ರಷ್ ಇಲ್ಲೇ ಇಟ್ಟ ಹೋಗ್ತೀನಿ, ಮತ್ತ ಮುಟ್ಟಿದ್ರ ಕೇಳ್ರಿ!” ಎಂದು ಎಲ್ಲರ ಮುಂದೆ ಸಾರಿ, ಲೂನಾ ಹತ್ತಿ ಹೋದ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಪೇಂಟರಿಗೂ ಸಲ್ಲುತ್ತದೆ ಎಂದು ಅವನಿಗೆ ಯಾರು ಹೇಳಬೇಕು?

ಸುದ್ದಿ ಅವನ ಲೂನಾಕ್ಕಿಂತ ಮೊದಲೇ ಯರಗುಪ್ಪಿ ಮುಟ್ಟಿತ್ತು. ಮರುದಿನ ಹತ್ತರ ಬಸ್ಸಿಗೆ ಅವನ ಹೆಂಡತಿ ಮರಿಯಮಬಿ ಚಾಚಿ ಇಳಿದು ನೇರ ನನ್ನ ಅಂಗಡಿಗೆ ಬಂದಳು. ಕೂಡ್ರಿ ಅಂದರೂ ಕೂಡಲಿಲ್ಲ.

“ಯಾರಾಕಿ, ಆ ಮುಮತಾಜ್?”

“ಅಯ್ಯ, ಯಾರೋ ಏನೋ ಚಾಚಿ. ನಂಬರ್ ಎಲ್ಲೋ ಕಲಸೇತಿ ಅಷ್ಟ.”

“ಗಾಡಿ ನಮ್ಮದು. ನನ್ನ ಕೈಯಾನ ಬಳಿ ಮಾರಿ ತಗೊಂಡಿದ್ದು. ಸಾಕ್ಷಿ ತಂದೀನಿ.” ಸೆರಗಿನ ಗಂಟು ಬಿಚ್ಚಿ ಒಂದು ಹಳೆಯ ಕಡ್ಡಿಪೆಟ್ಟಿಗೆ ತೆಗೆದಳು. ಒಳಗೆ ಕಡ್ಡಿಯಿಲ್ಲ, ಎರಡು ಸೂಜಿ, ನಾಲ್ಕು ಗುಂಡಿ. “ಗಾಡಿ ಕೊಡಿಸಿದ ಏಜೆಂಟ್ ಲಕ್ಕಪ್ಪ ನಂಬರ್ ಬರಕೊಟ್ಟಿದ್ದು ಇದರ ಮ್ಯಾಲ. ಅವತ್ತಿಂದ ಸೂಜಿ ಇದರಾಗ ಇಡ್ತೀನಿ.”

ಪೆಟ್ಟಿಗೆಯ ಬೆನ್ನಿಗೆ ಬಾಲ್ ಪೆನ್ನಿನಲ್ಲಿ, ಇಂಗ್ಲಿಷಿನಲ್ಲಿ, ನಾಲ್ಕೇ ಅಂಕಿ. ನಾನು ಓದಿದೆ: 9961. ಪ್ಲೇಟಿನಲ್ಲಿದ್ದದ್ದೇ.

“ಬರೋಬ್ಬರಿ ಐತಲ್ಲ ಚಾಚಿ, ಚಾಚಾ ಬರದದ್ದೂ ಇದನ್ನ.”

“ಉಲ್ಟಾ ಹಿಡದಿ ಬೇಟಾ” ಎಂದು ಚಾಚಿ ಪೆಟ್ಟಿಗೆಯನ್ನು ನನ್ನ ಕೈಯಲ್ಲೇ ತಿರುಗಿಸಿದಳು.

1966.

“ಹತ್ತೊಂಬತ್ತನೂರಾ ಅರವತ್ತಾರು. ನಾ ಹುಟ್ಟಿದ ಇಸವಿ. ನನ್ನ ಇಸವಿ ನಂಬರ್ ಬಂತಂತನ ಈ ಪೆಟಗಿ ಒಗೀಲಿಲ್ಲ ನಾನು.”

ಚಾಸಿಯ ಚೀಟಿಗಳು ಮೇಜಿನ ಖಾನೆಯಲ್ಲೇ ಇದ್ದವು. 1966 ಹೊಡೆದೆ. ಒಂದೇ ಸಲಕ್ಕೆ ಬಾಗಿಲು ತೆರೆಯಿತು. ಮೊಪೆಡ್, ಕಪ್ಪು ಬಣ್ಣ, ಮಾಲಕರ ಹೆಸರಿನ ಮೊದಲಿಗೆ ‘ಗು’, ಕೊನೆಗೆ ‘ನ’. ಮುಮತಾಜನ ಕಾಟ ಅಲ್ಲಿಗೆ ತೀರಿತು.

ಆದರೆ ಚಾಚಿ ಹನ್ನೆರಡು ವರ್ಷ ಅದೇ ಪ್ಲೇಟಿನ ಮುಂದೆ ಓಡಾಡಿದವಳು. ಅದು ಬೇರೆ ನಂಬರೆಂದು ಗೊತ್ತಾಗಲಿಲ್ಲವೇ ಎಂದು ಕೇಳಿದೆ.

“ನಾ ಉರ್ದು ಸಾಲಿಗೆ ನಾಲ್ಕ ಇಯತ್ತೆ ಹೋದಾಕಿ. ಇಂಗ್ಲಿಷ್ ಅಂಕಿ ಬಲ್ಲೆ, ಈ ಕನ್ನಡ ಅಂಕಿ ಒಂದೂ ತಿಳಿಯಂಗಿಲ್ಲ. ಒಂದ ಕಡಿಗೆ ಎರಡ ಅಂಕಿ ಒಂದ ನಮೂನಿ ಇದ್ವು. ಅವ ಎರಡ ಆರು, ಉರ್ದುವಿನಂಗ ಬಲಗಡಿಯಿಂದ ಓದಬೇಕೇನೋ ಅಂತ ತಿಳಕೊಂಡೆ” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಸ್ವಲ್ಪ ಹೊತ್ತಿಗೆ ನಗೆ ನಿಂತಿತು. “ನನ್ನ ಇಸವಿ ಅಂತನ ಬಾಲಾ ಎಳದು ಅಷ್ಟ ಚೆಂದ ಬರದಾರ ಅಂದಕೊಂಡಿದ್ದೆ. ಯಮನೂರ ದರ್ಗಾಕ್ಕ ಹೋಗುವಾಗೆಲ್ಲ ಹಿಂದ ಕುಂತು, ಮಂದಿ ನನ್ನ ಇಸವಿ ಓದ್ತಾರಂತ ನಾಚಿಕಿ ಬರ್ತಿತ್ತು ನನಗ.”

ನಾನು ಚಹಾ ತರಿಸಿದೆ. ಆಮೇಲೆ ಚಾಚಾಗೆ ಫೋನು ಮಾಡಿದೆ.

ಬಂದ. ಕಡ್ಡಿಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಅರ್ಧ ಸುತ್ತು ತಿರುಗಿಸಿ ತೋರಿಸಿದೆ, ಚಾಚಿ ತನ್ನ ಇಸವಿಯ ಬಗ್ಗೆ ಅಂದದ್ದನ್ನೂ ಹೇಳಿದೆ. ಚಾಚಾ ನೋಡಿದ. ಹನ್ನೆರಡು ವರ್ಷದ ಹಿಂದಿನ ದಿನ ನೆನಪಾಗಿ ತಾನೇ ಹೇಳಿದ. ಲಕ್ಕಪ್ಪ ಬೀಡಿ ಹಚ್ಚಿಕೊಂಡು, ಅದೇ ಪೆಟ್ಟಿಗೆಯ ಮೇಲೆ ನಂಬರು ಗೀಚಿ, ಇಬ್ಬರ ನಡುವೆ ನೆಲದ ಮೇಲಿಟ್ಟಿದ್ದ. ಲಕ್ಕಪ್ಪ ಆ ಕಡೆ ಕೂತಿದ್ದ, ಚಾಚಾ ಈ ಕಡೆ. ಎರಡು ಒಂಬತ್ತು ಕಂಡ ಖುಷಿಯಲ್ಲಿ ಬ್ರಷ್ ಅದ್ದಿದವನು ತಿರುಗಿಸಿ ನೋಡಲೇ ಇಲ್ಲ. ತಾಲೂಕಿನ ಗಾಡಿಗಳಿಗೆಲ್ಲ ಸರಿಯಾಗಿ ಬರೆದವನು ತನ್ನ ಗಾಡಿಗೇ ತಪ್ಪು ಬರೆದಿದ್ದ. ದೀಪದ ಬುಡದಲ್ಲೇ ಕತ್ತಲು.

ದಬಾಯಿಸುತ್ತಾನೆ ಎಂದು ಕಾದೆ. ದಬಾಯಿಸಲಿಲ್ಲ. ಎದ್ದು ಹೊರಗೆ ಹೋಗಿ, ಲೂನಾಕ್ಕೆ ಕಟ್ಟಿದ ಬಣ್ಣದ ಡಬ್ಬಿಯಿಂದ ಬ್ರಷ್‌ಗಳ ಕಟ್ಟು ತಂದು ನನ್ನ ಮೇಜಿನ ಮೇಲಿಟ್ಟ. ಅಳಿಲಿನ ಕೂದಲಿನ ಬ್ರಷ್‌ಗಳು, ಹಿಡಿಕೆ ಸವೆದು ಅವನ ಬೆರಳಿನ ಆಕಾರಕ್ಕೇ ಬಂದಿದ್ದವು.

“ಇಟ್ಟಕೋ. ಮಾತ ಅಂದ್ರ ಮಾತ.”

“ಹುಚ್ಚರಂಗ ಮಾಡಬ್ಯಾಡ್ರಿ ಚಾಚಾ. ನಕ್ಕಿದ್ದಕ್ಕ ತಪ್ಪಾತು.”

“ನೀ ನಕ್ಕದ್ದಕ್ಕಲ್ಲವಾ” ಎಂದ. ಅಷ್ಟೇ. ಚಾಚಿಯ ಕಡೆ ನೋಡಲಿಲ್ಲ. ಸಿಟ್ಟಿನ ಚಾಚಾನನ್ನು ಸಂಭಾಳಿಸುವುದು ನನಗೆ ಗೊತ್ತಿತ್ತು, ಈ ಚಾಚಾ ನನಗೆ ಹೊಸಬ; ಬ್ರಷ್ ಕಟ್ಟನ್ನು ಎತ್ತಿ ಖಾನೆಯಲ್ಲಿಟ್ಟೆ.

ಹೊಸ ಪ್ಲೇಟಿಗೂ, ಇನ್ನೊಂದು ಆರ್‌ಸಿ ಕಾರ್ಡಿಗೂ ಅರ್ಜಿ ಹಾಕಿದೆ. ಮೂರು ವಾರ ಬ್ರಷ್ ಕಟ್ಟು ನನ್ನ ಮೇಜಿನ ಖಾನೆಯಲ್ಲೇ ಇತ್ತು. ಬರೆಸಲು ಬಂದವರಿಗೆ ಚಾಚಾ ಕಣ್ಣು ಮಂಜು ಎನ್ನುತ್ತಿದ್ದನಂತೆ. ಪ್ಲೇಟು ಬಂತೆಂದು ಮೆಸೇಜು ಬಂದ ದಿನ ಇಬ್ಬರೂ ಹುಬ್ಬಳ್ಳಿಗೆ ಹೋಗಿ, ಶೋರೂಮಿನಲ್ಲಿ ಜಡಿಸಿಕೊಂಡು, ಬರುವಾಗ ನನ್ನ ಅಂಗಡಿಯ ಮುಂದೆ ನಿಂತರು. ಹಳೆಯ ಪ್ಲೇಟು ಚಾಚಿಯ ಕೈಚೀಲದಲ್ಲಿತ್ತು.

ಚಾಚಿ ಲೂನಾದ ಹಿಂದೆ ಬಗ್ಗಿ ಕೂತಳು. ಬೆಳ್ಳಗಿನ ತಗಡಿನ ಉಬ್ಬಿದ ಅಂಕಿಗಳ ಮೇಲೆ ಬೆರಳಿಟ್ಟು ಓದಿದಳು. “ಒಂದ. ಒಂಬತ್ತ. ಆರ. ಆರ.” ಎರಡನೆಯ ಸಲವೂ ಓದಿದಳು. ಮತ್ತೆ ತಲೆಯೆತ್ತಿ ಕೇಳಿದಳು: “ಇದನ್ನ ಯಾರ ಬರದಾರ?”

“ಯಾರೂ ಬರದಿಲ್ಲ. ಮಷೀನ್ ಒತ್ತೇತಿ” ಎಂದ ಚಾಚಾ.

“ಹಂಗಾರ ನನಗ ಬ್ಯಾಡ. ಹನ್ನೆರಡ ವರ್ಷ ನೀವ ಬರದದ್ದಂತ ತಿಳಕೊಂಡ ಕುಂತೀನಿ. ನನಗ ನೀವ ಬರದದ್ದ ಬೇಕು. ಗಾಡಿಗೆ ಕಟ್ಟಿದ ಈ ಬಣ್ಣದ ಡಬ್ಬಿ ಮ್ಯಾಲ ಬರೀರಿ. ನನಗ ಓದಾಕ ಬರೂವಂಗ ಬರೀರಿ.”

“ನಾ ಬ್ರಷ್ ಬಿಟ್ಟೀನಿ. ಮಂದಿ ಮುಂದ ಮಾತ ಕೊಟ್ಟೀನಿ.”

“ಮಂದೀಗೆ ಬಿಟ್ಟೀರಿ. ನನಗೇನ ಒಮ್ಮೆನೂ ಬರದಿಲ್ಲಲ್ಲ, ಬಿಡಾಕ!”

ನಲವತ್ತು ವರ್ಷದಲ್ಲಿ ಅವನ ಮಾತಿಗೆ ಎದುರುತ್ತರ ಸಿಕ್ಕದ್ದು ಅದೇ ಮೊದಲು. ನಾನು ಒಳಗೆ ಹೋಗಿ ಖಾನೆ ಎಳೆದು, ಬ್ರಷ್ ಕಟ್ಟು ತಂದು ಅವನ ಮುಂದೆ ಇಟ್ಟೆ. ಅವನು ನನ್ನನ್ನು ಗುರ್ರೆಂದು ನೋಡಿ, ಎಲ್ಲಕ್ಕಿಂತ ಸಣ್ಣ ಬ್ರಷ್ ಆರಿಸಿ, ಗಾಡಿಯ ಡಬ್ಬಿ ಕೆಳಗಿಳಿಸಿ, ಅದರೊಳಗಿನ ಬಿಳಿ ಬಣ್ಣದ ಮುಚ್ಚಳ ಕಿತ್ತ. ಬೇವಿನ ನೆರಳಿನಲ್ಲಿ ನೆಲಕ್ಕೆ ಕೂತ. ಚಾಚಿ ಎದುರಿಗೆ ಕೂತು, ಸೂಜಿ ಗುಂಡಿಗಳನ್ನು ಸೆರಗಿಗೆ ಸುರಿದುಕೊಂಡು, ಬರಿ ಕಡ್ಡಿಪೆಟ್ಟಿಗೆಯನ್ನು ಇಬ್ಬರ ನಡುವೆ ಇಟ್ಟಳು.

ಬ್ರಷ್ ಅದ್ದಿದ ಚಾಚಾ ಕೈ ತಡೆದ. ಎದ್ದು ಆ ಕಡೆಗೆ ಬಂದು ಚಾಚಿಯ ಬಾಜು ಕೂತ. ಪೆಟ್ಟಿಗೆಯನ್ನು ಅವಳ ಕೈಗೇ ಕೊಟ್ಟು ಕೇಳಿದ:

“ನೀನ ಓದಿ ಹೇಳ. ಮ್ಯಾಲ ಯಾವದು?”