ಗಿರಿಜಕ್ಕನನ್ನು ಕೇಳಬೇಕಿದ್ದ ಒಂದು ಮಾತು

ಗಿರಿಜಕ್ಕನನ್ನು ನಾನು ಆ ಪ್ರಶ್ನೆ ಕೇಳಲೇ ಇಲ್ಲ. ಕೇಳಿದೆ ಎಂದು ಬರೆದೆ. ಅವರು ‘ಇಲ್ಲ’ ಎಂದರು ಎಂದೂ ಬರೆದು ಕೆಳಗೆ ಸಹಿ ಹಾಕಿದೆ — ಅಕ್ಷರ ಎಂದಿನಂತೆ ದುಂಡಗೇ ಇತ್ತು. ನಾಲ್ಕು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಮರೆತಿದ್ದೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಮರೆತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ.

ಇದನ್ನು ನಮ್ಮ ಕನ್ನಡ ಬಳಗದವರಿಗೆಂದೇ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಬಹಳ ಜನರಿಗೆ ನಾನು ಗೊತ್ತು — ರಾಜ್ಯೋತ್ಸವದ ದಿನ ರೇಷ್ಮೆ ಸೀರೆ ಉಟ್ಟು, ಮೈಕಿನ ಮುಂದೆ ನಿಂತು, ಒಂದೂ ಇಂಗ್ಲಿಷ್ ಪದ ಬರದಂತೆ ಕಾರ್ಯಕ್ರಮ ನಿರೂಪಿಸುವವಳು. ‘ಎಷ್ಟು ಚೆಂದ ಕನ್ನಡ ಮಾತಾಡ್ತೀರಿ!’ ಎಂದು ನೀವು ಬಂದು ಕೈ ಹಿಡಿದು ಹೇಳಿದ್ದೀರಿ. ಅದನ್ನು ನೆನೆಯಲೂ ಈಗ ನನಗೆ ನಾಚಿಕೆಯಾಗುತ್ತದೆ.

ನನ್ನ ಹೊಟ್ಟೆಪಾಡು ಮಾತ್ರ ಕನ್ನಡದ್ದಲ್ಲ, ಸ್ಪ್ಯಾನಿಷ್‌ನದ್ದು. ಬೆಂಗಳೂರಿನಲ್ಲಿದ್ದಾಗ ಕಲಿತ ಭಾಷೆ. ಅದರ ಬಲದ ಮೇಲೆ ಇಲ್ಲಿಗೆ, ಈ ಪರದೇಶಕ್ಕೆ, ಬಂದ ಮೇಲೆ ಫೆಲ್ಥಮ್ ಕಡೆಯ ಒಂದು ಕ್ರೆಡಿಟ್ ಯೂನಿಯನ್‌ನಲ್ಲಿ ಕೆಲಸ ಸಿಕ್ಕಿತು. ನಮ್ಮಲ್ಲಿಯ ಪತ್ತಿನ ಸಹಕಾರ ಸಂಘದಂಥದ್ದೇ ಅದು — ಸದಸ್ಯರು ಉಳಿಸಿದ ಹಣವನ್ನು ಸದಸ್ಯರಿಗೇ ಸಾಲ ಕೊಡುವುದು. ವಿಮಾನ ನಿಲ್ದಾಣದಲ್ಲಿ ನೆಲ ಒರೆಸುವವರು, ಹೋಟೆಲಿನ ಹಾಸಿಗೆ ಬದಲಿಸುವವರು, ಕೊಲಂಬಿಯಾ, ಈಕ್ವೆಡಾರ್, ಬೊಲಿವಿಯಾ ಕಡೆಯಿಂದ ಬಂದ ಹೆಂಗಸರು — ಅವರ ಸಾಲದ ಅರ್ಜಿ ತುಂಬಿಸುವುದು, ಅವರ ಮಾತನ್ನು ನಮ್ಮ ಮ್ಯಾನೇಜರ್ ಡೆನೀಸ್‌ಗೆ ದಾಟಿಸುವುದು ನನ್ನ ಕೆಲಸ. ಅವರು ನನ್ನನ್ನು ಬಹಳ ಹಚ್ಚಿಕೊಂಡಿದ್ದರು.

ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಇದೆ. ಅರ್ಜಿದಾರರು ಇನ್ನೊಬ್ಬರ ಜೊತೆ ಬಂದಿದ್ದರೆ ಆ ಇನ್ನೊಬ್ಬರನ್ನು ಹೊರಗೆ ಕೂರಿಸಿ, ಬಾಗಿಲು ಮುಚ್ಚಿ, ಒಂದು ಪ್ರಶ್ನೆ ಕೇಳಲೇಬೇಕು. ಈ ಸಾಲ ತೆಗೆದುಕೊಳ್ಳಿ ಎಂದು ನಿಮಗೆ ಯಾರಾದರೂ ಬಲವಂತ ಮಾಡುತ್ತಿದ್ದಾರೆಯೇ? ‘ಹೌದು’ ಎಂದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಹೊರಗೆ ಕೂತವರಿಗೆ ಕಾರಣ ಹೇಳುವುದಿಲ್ಲ. ‘ಕಂಪ್ಯೂಟರ್ ಒಪ್ಪಲಿಲ್ಲ, ಏನೂ ಮಾಡೋಕಾಗಲ್ಲ’ ಎಂದು ಡೆನೀಸ್ ತಾನೇ ಬಂದು ಕೈ ಚೆಲ್ಲುತ್ತಾಳೆ. ಆ ಹೆಂಗಸಿನ ಮೇಲೆ ಒಂದು ಮಾತೂ ಬರದಂತೆ ನೋಡಿಕೊಳ್ಳುತ್ತಾಳೆ.

ಸ್ಪ್ಯಾನಿಷ್‌ನಲ್ಲಿ ಆ ಪ್ರಶ್ನೆಯನ್ನು ನೂರಾರು ಸಲ ಕೇಳಿದ್ದೇನೆ. ಒಮ್ಮೆಯೂ ನಾಲಿಗೆ ತಡವರಿಸಲಿಲ್ಲ. ಗ್ಲಾಡಿಸ್ ಎಂಬ ಹೆಂಗಸು ಒಂದು ಸಲ ಪ್ರಶ್ನೆ ಮುಗಿಯುವ ಮೊದಲೇ ನನ್ನ ಕೈ ಹಿಡಿದು ಅತ್ತುಬಿಟ್ಟಳು. ಹೊರಗೆ ಅವಳ ಗಂಡ ಕಾಲು ಕುಣಿಸುತ್ತ ಕೂತಿದ್ದ. ಸಾಲ ಆಗಲಿಲ್ಲ ಎಂದು ಅವನಿಗೆ ಡೆನೀಸ್ ಹೇಳಿದಾಗ ಒಳಗೊಳಗೇ ನಾನು ಬೀಗಿದ್ದೆ. ಮನೆಗೆ ಬಂದು ನನ್ನ ಗಂಡನ ಮುಂದೆ ಕೊಚ್ಚಿಕೊಂಡೂ ಇದ್ದೆ — ಎಂಥ ಧೈರ್ಯದ ಕೆಲಸ ಮಾಡುತ್ತೇನೆ ನೋಡಿ ಎಂದು. ಪರರ ಮನೆಯ ಬಾಗಿಲು ತಟ್ಟುವುದಕ್ಕೆ ಯಾವ ಧೈರ್ಯ ಬೇಕು? ಅವರು ಯಾರೂ ನಮ್ಮ ರಾಜ್ಯೋತ್ಸವಕ್ಕೆ ಬರುವವರಲ್ಲ.

ಪ್ರಭಾಕರ್ ಅವರು ಬರುವವರು. ಬರುವುದೇನು, ನಡೆಸುವವರು. ಗದಗದ ಕಡೆಯವರು, ಬಳಗದ ಕಾರ್ಯದರ್ಶಿ, ಎಲ್ಲರಿಗೂ ಬೇಕಾದವರು. ಅವರ ಹೆಂಡತಿ ಗಿರಿಜಕ್ಕ ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು — ಮಂಜಿನಂತೆ ಕೊರೆಯುವ ಕೋಣೆಯಲ್ಲಿ ನಿಂತು, ತಟ್ಟೆಗೆ ಇಷ್ಟು ಅನ್ನ ಇಷ್ಟು ಪಲ್ಯ ಎಂದು ಹಾಕುತ್ತ ಹೋಗುವುದು. ಮಾತು ಕಡಿಮೆ. ನಮ್ಮ ಕಾರ್ಯಕ್ರಮಗಳಲ್ಲಿ ಅವರನ್ನು ನೀವು ನೋಡಿರುವುದು ಬಡಿಸುವ ಮೇಜಿನ ಹಿಂದೆ. ಬೇರೆಲ್ಲೂ ನೋಡಿರಲಾರಿರಿ.

ನಾಲ್ಕು ವರ್ಷದ ಹಿಂದೆ, ಅಕ್ಟೋಬರ್‌ನಲ್ಲಿ, ಪ್ರಭಾಕರ್ ನನಗೆ ಫೋನ್ ಮಾಡಿದರು.

“ನಾಳೆ ನಿಮ್ಮ ಆಫೀಸಿಗೆ ಬರ್ತೀವ್ರಿ ಮೇಡಂ. ನಮ್ಮಾಕಿ ಹೆಸರಿಲೆ ಒಂದು ಲೋನ್ ಆಗಬೇಕಾಗೇದ. ಸ್ವಲ್ಪ ನೋಡ್ಕೊಳ್ರಿ. ಹಾಂ — ಈ ಸಲ ನಿರೂಪಣಾ ನಿಮ್ಮದಽ ಮತ್ತ.”

ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಎರಡು ವರ್ಷದಿಂದ ಆ ಮೈಕಿಗೆ ನಾನು ಬಾಯಿ ಬಾಯಿ ಬಿಡುತ್ತಿದ್ದೆ. ಲಂಚವೆಂದರೆ ಹಣವೇ ಆಗಬೇಕಿಲ್ಲ. ನನ್ನ ಬೆಲೆ ಒಂದು ಮೈಕು, ಮೂರು ಗಂಟೆಗಳ ಮಟ್ಟಿಗೆ. ಥೂ.

ಮರುದಿನ ಬಂದರು. ಇವರು ನನಗೆ ಪರಿಚಯದವರು, ಬೇರೆ ಯಾರನ್ನಾದರೂ ಕೂರಿಸಿ ಎಂದು ಡೆನೀಸ್‌ಗೆ ಹೇಳಬೇಕಾದದ್ದು ನಿಯಮ. ಹೇಳಲಿಲ್ಲ. ಅರ್ಜಿಯಲ್ಲಿ ಸಾಲದ ಉದ್ದೇಶ ‘ಅಡುಗೆಮನೆ ನವೀಕರಣ’ ಎಂದಿತ್ತು, ಏಳೂವರೆ ಸಾವಿರ ಪೌಂಡು, ಐದು ವರ್ಷದ ಅವಧಿ. ಅವರ ಮನೆಯಲ್ಲಿ ನಾನು ಊಟ ಮಾಡಿದ್ದೇನೆ. ಬಾಡಿಗೆ ಫ್ಲಾಟ್. ಬಾಡಿಗೆ ಮನೆಯ ಅಡುಗೆಮನೆಯನ್ನು ಯಾರು ಸ್ವಂತ ಸಾಲ ಮಾಡಿ ಹೊಸದು ಮಾಡಿಸುತ್ತಾರೆ? ಆ ಸಾಲನ್ನು ಓದಿದೆ, ಮುಂದಿನ ಸಾಲಿಗೆ ಹೋದೆ.

ಡೆನೀಸ್ ಪ್ರಭಾಕರ್ ಅವರನ್ನು ಹೊರಗೆ ಕೂರಿಸಿ ಬಾಗಿಲು ಮುಚ್ಚಿದಳು. ಒಳಗೆ ನಾವು ಮೂವರೇ. ಗಿರಿಜಕ್ಕನ ಕಡೆ ತಿರುಗಿ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಇಂಗ್ಲಿಷ್‌ನಲ್ಲಿ ಆ ಪ್ರಶ್ನೆ ಕೇಳಿದಳು. ಹೆದರಬೇಡಿ, ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ, ಎಂದಳು. ಗಿರಿಜಕ್ಕ ಅವಳ ಬಾಯನ್ನೇ ನೋಡುತ್ತಿದ್ದರು. ಆಮೇಲೆ ಡೆನೀಸ್ ನನ್ನತ್ತ ತಲೆಯಾಡಿಸಿದಳು — ಇನ್ನು ನೀನು ನಿಮ್ಮ ಭಾಷೆಯಲ್ಲಿ ಕೇಳು. ಗಿರಿಜಕ್ಕ ನನ್ನ ಕಡೆ ತಿರುಗಿದರು.

ನಾನು ಕೇಳಿದ್ದು ಇದು:

“ಯಾಕಕ್ಕಾ, ಮಗಳನ್ನ ಕರ್ಕೊಂಡು ಬರ್ಲಿಲ್ವಾ?”

ಇದು ಬಾಯಿ ತಪ್ಪಿ ಬಂದದ್ದಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ‘ಊಟ ಆಯ್ತಾ’ ಎಂದು ಕೇಳಿದ್ದರೆ ‘ಹೂಂ’ ಎಂದು ತಲೆಯಾಡಿಸಿಬಿಟ್ಟಾರು, ಡೆನೀಸ್ ಅದನ್ನು ‘ಹೌದು’ ಎಂದು ತಿಳಿದಾಳು — ಅಷ್ಟನ್ನೂ ಆ ಒಂದು ಕ್ಷಣದಲ್ಲಿ ಲೆಕ್ಕ ಹಾಕಿದ್ದೆ. ತಲೆ ಅಡ್ಡಡ್ಡ ಆಡಬೇಕಿತ್ತು. ‘ಇಲ್ಲ’ ಎಂಬ ಉತ್ತರವೇ ಬರುವಂಥ ಪ್ರಶ್ನೆಯನ್ನು ಹುಡುಕಿ, ಹೆಕ್ಕಿ, ನಗುಮುಖ ಮಾಡಿ ಕೇಳಿದೆ. ಇಷ್ಟು ಜಾಣತನ ನನ್ನೊಳಗೆ ಎಲ್ಲಿ ಅಡಗಿತ್ತೋ!

ಗಿರಿಜಕ್ಕ ನನ್ನ ಮುಖ ನೋಡಿದರು — ಸ್ವಲ್ಪ ಹೊತ್ತು, ಇನ್ನೂ ಸ್ವಲ್ಪ ಹೊತ್ತು. ಆಮೇಲೆ ತಲೆ ಅಲ್ಲಾಡಿಸಿದರು.

“ಇಲ್ರಿ. ಅಕಿ ಸಾಲಿಗೆ ಹೋಗ್ಯಾಳ.”

‘ಇಲ್ಲ ಅಂತಾರೆ. ಯಾರ ಬಲವಂತವೂ ಇಲ್ಲವಂತೆ’ ಎಂದು ಡೆನೀಸ್‌ಗೆ ಹೇಳಿದೆ. ಅವಳು ಹುಬ್ಬು ಏರಿಸಿ, ‘ಅಷ್ಟು ಬೇಗ ಮುಗಿಯಿತೇ?’ ಎಂದಳು. ನಮ್ಮ ಭಾಷೆಯಲ್ಲಿ ಇದನ್ನೆಲ್ಲ ಎರಡೇ ಮಾತಿನಲ್ಲಿ ಹೇಳಬಹುದು ಎಂದೆ. ಹೌದು, ಕನ್ನಡದ ಹೆಸರಿನಲ್ಲೂ ಸುಳ್ಳು ಹೇಳಿದೆ. ಅವಳು ಮೆಚ್ಚಿ ನಕ್ಕಳು, ನಾನೂ ಹಲ್ಲು ಬಿಟ್ಟೆ.

ಅದಾಗಿ ಮೂರೇ ವಾರಕ್ಕೆ ರಾಜ್ಯೋತ್ಸವ. ಪಿನ್ನರ್‌ನ ಒಂದು ಶಾಲೆಯ ಸಭಾಂಗಣ ಕಿಕ್ಕಿರಿದಿತ್ತು. ‘ಕನ್ನಡಕ್ಕಾಗಿ ಹಗಲಿರುಳು ಮಿಡಿಯುವ ಹೃದಯ’ ಎಂದು ಕರೆದು ಪ್ರಭಾಕರ್ ಅವರನ್ನು ವೇದಿಕೆಗೆ ಬರಮಾಡಿಕೊಂಡವಳು ನಾನೇ. ಶಾಲು ಹೊದಿಸಿದರು, ಪೇಟ ಇಟ್ಟರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಿಮಗೇನು ಗೊತ್ತಿತ್ತು, ನಿಮ್ಮದು ತಪ್ಪಲ್ಲ. ಗಿರಿಜಕ್ಕ ಹಿಂದಿನ ಕೋಣೆಯಲ್ಲಿ ಇನ್ನೂರು ಜನರಿಗೆ ಹೋಳಿಗೆ ಬಿಸಿ ಮಾಡುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ನನ್ನ ತಟ್ಟೆಗೂ ಎರಡು ಹಾಕಿದರು, ಮೇಲೆ ತುಪ್ಪ ಬಿಟ್ಟರು. ತಿಂದೆ.

ಹಣ ಪ್ರಭಾಕರ್ ಅವರ ಸ್ನೇಹಿತರೊಬ್ಬರ ಹೋಟೆಲಿಗೆ ಹೋಯಿತು, ಹೋಟೆಲು ಎಂಟು ತಿಂಗಳಲ್ಲಿ ಬಾಗಿಲು ಹಾಕಿತು. ಸಾಲ ಗಿರಿಜಕ್ಕನ ಹೆಸರಿನಲ್ಲಿ ಉಳಿಯಿತು. ವಾರದ ರಜೆಯ ಎರಡು ದಿನವೂ ಅವರು ಆ ತಣ್ಣನೆಯ ಕೋಣೆಗೆ ಹೋಗತೊಡಗಿದರು ಎಂದು ಯಾರೋ ಹೇಳಿದರು. ಪಾಪ, ಎಂದೆ. ಆ ಪದ ನನ್ನ ಬಾಯಲ್ಲಿ ಎಷ್ಟು ಹಗುರವಾಗಿ ಬಂತು!

ಹೋದ ತಿಂಗಳು ಗಿರಿಜಕ್ಕ ನಮ್ಮ ಆಫೀಸಿಗೆ ಒಬ್ಬರೇ ಬಂದರು. ನಾನು ಎದ್ದು, “ಬನ್ನಿ ಅಕ್ಕಾ, ನಾನು ಹೇಳ್ತೀನಿ ಅವರಿಗೆ” ಎಂದೆ.

“ನೀವು ಬ್ಯಾಡ್ರಿ” ಎಂದರು.

ಡೆನೀಸ್ ಎದುರು ಕೂತು ಇಂಗ್ಲಿಷ್‌ನಲ್ಲಿಯೇ ಹೇಳಿದರು — ತುಂಡು ತುಂಡು ಮಾತು, ಆದರೆ ಅರ್ಥಕ್ಕೆ ಏನೂ ಕೊರತೆ ಇರಲಿಲ್ಲ. ಈ ಸಾಲ ನನಗೆ ಬೇಕಿರಲಿಲ್ಲ. ಸಹಿ ಹಾಕದಿದ್ದರೆ ಮಗಳ ಮುಂದೆ ಹೊಡೆಯುತ್ತೇನೆ ಎಂದು ಗಂಡ ಹೆದರಿಸಿದ್ದರು. ಈಗ ಕೈಯಲ್ಲಿ ಆಗುತ್ತಿಲ್ಲ. ಕೈ ಎತ್ತಿ ತೋರಿಸಿದರು. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಡೆನೀಸ್ ಹಳೆಯ ಕಡತ ತೆರೆದಳು. ‘ಒಬ್ಬರೇ ಇದ್ದಾಗ ಅವರ ಭಾಷೆಯಲ್ಲಿ ಕೇಳಲಾಯಿತು. ಉತ್ತರ: ಇಲ್ಲ.’ ಕೆಳಗೆ ನನ್ನ ಸಹಿ. ಅವಳು ನನ್ನನ್ನು ಕರೆದು, ಇದು ನಿನಗೆ ನೆನಪಿದೆಯೇ, ಎಂದು ಕೇಳಿದಳು. ಸಾಲವನ್ನು ಮತ್ತೆ ಪರಿಶೀಲಿಸಬಹುದೋ ಇಲ್ಲವೋ ಎಂಬುದು ನನ್ನ ಆ ಒಂದು ಉತ್ತರದ ಮೇಲೆ ನಿಂತಿತ್ತು.

ನನಗೆ ನೆನಪಿಲ್ಲ, ಎಂದೆ.

ಎರಡನೆಯ ಸಲ. ಈ ಸಲ ಮೈಕೂ ಇರಲಿಲ್ಲ, ಫೋನೂ ಬಂದಿರಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ — ಅಷ್ಟಕ್ಕೇ.

ಗಿರಿಜಕ್ಕ ಜಗಳವಾಡಲಿಲ್ಲ. ಚೀಲ ಎತ್ತಿಕೊಂಡು ಬಾಗಿಲವರೆಗೆ ಬಂದು, ನನ್ನ ಹತ್ತಿರ ನಿಂತು, ಮೆಲ್ಲಗೆ ಹೇಳಿದರು.

“ಅವತ್ತು ಆ ಮೇಡಂ ಏನ್ ಕೇಳಿದ್ರು ಅನ್ನೂದು ನನಗ ತಿಳಿದಿತ್ರಿ. ಅಷ್ಟು ಇಂಗ್ಲಿಷ್ ನನಗ ಬರ್ತಿತ್ತು. ನೀವು ನಮ್ಮ ಮಾತಿನಾಗ ಕೇಳ್ತೀರಿ, ಎಲ್ಲಾ ಹೇಳಿಬಿಡೂಣು ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಕುಂತಿದ್ದೆ. ನೀವು ಮಗಳ ಸುದ್ದಿ ತೆಗದ್ರಿ. ಹಂಗಾರ ಇವರೂ ನಮ್ಮನಿಯವರ ಕಡೆಯವರಽ ಅಂತ ತಿಳೀತು. ಹೇಳಿದ್ರ ಹೊರಗ ಹೋಗಿ ಅವರಿಗೆ ಹೇಳ್ತೀರಿ ಅಂತ… ಅದಕ್ಕ ಸುಮ್ಮನಾದೆ.”

ಹೋದರು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಳು ಬರಲಿಲ್ಲ. ಕನ್ನಡಿಯಲ್ಲಿ ನನ್ನ ಬಾಯಿ ಕಂಡಿತು, ಹೇಸಿಗೆಯಾಯಿತು. ಅವರಿಗೆ ಅರ್ಥವಾಗಿರಲಿಲ್ಲ ಎಂದು ನಾಲ್ಕು ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಅವರು ಕಾದು ಕೂತಿದ್ದರು — ನನ್ನ ಬಾಯಿಂದ ಒಂದು ಮಾತು ಬರಲೆಂದು. ನಾನು ಅವರ ಬಾಯಿಯನ್ನೇ ಹೊಲಿದೆ.

ಮರುದಿನವೇ ಹೇಳಿದೆ ಎಂದು ಬರೆಯಲು ಆಸೆ. ಆದರೆ ಹನ್ನೊಂದು ದಿನ ತೆಗೆದುಕೊಂಡೆ. ಹನ್ನೊಂದು ದಿನ ಏನು ಯೋಚಿಸಿದೆ ಎಂದು ಕೇಳಬೇಡಿ, ಬರೀ ನನ್ನ ಬಗ್ಗೆಯೇ ಯೋಚಿಸಿದೆ. ಹನ್ನೆರಡನೆಯ ದಿನ ಡೆನೀಸ್‌ನ ಕೋಣೆಗೆ ಹೋಗಿ, ಆ ಪ್ರಶ್ನೆ ಕೇಳಿಯೇ ಇರಲಿಲ್ಲ ಎಂದು ಬರೆದ ಹಾಳೆಯನ್ನು ಅವಳ ಮುಂದೆ ಇಟ್ಟೆ. ಕೇಳಿದ್ದೇನು ಎಂಬುದನ್ನೂ ಬರೆದಿದ್ದೆ. ಅವಳು ಎರಡು ಸಲ ಓದಿದಳು. ಗಿರಿಜಕ್ಕನ ಸಾಲವನ್ನು ಅಂದೇ ತಡೆಹಿಡಿದಳು. ಮುಂದಿನದನ್ನು ಮೇಲಿನವರು ನಿರ್ಧರಿಸುತ್ತಾರೆ, ನಿನ್ನ ಕೆಲಸದ ಮಾತನ್ನೂ, ಎಂದಳು.

ಆಮೇಲೆ ಕೇಳಿದಳು — ಇನ್ನೆಷ್ಟು ಜನರ ವಿಷಯದಲ್ಲಿ ಹೀಗೆ ಮಾಡಿದ್ದೀಯ?

ಇಲ್ಲ, ಇವರೊಬ್ಬರೇ, ಎಂದೆ. ಅದು ಸತ್ಯ. ಗ್ಲಾಡಿಸ್ ಇದ್ದಾಳಲ್ಲ, ನೆನಪಿಲ್ಲವೇ, ಎಂದು ಬಾಯಿಗೆ ಬಂತು, ಹೇಳಲಿಲ್ಲ. ಡೆನೀಸ್ ನನ್ನನ್ನೇ ನೋಡುತ್ತಿದ್ದಳು. ಅವಳು ನಂಬಲಿಲ್ಲ. ನಂಬಲು ನಾನು ಏನು ಉಳಿಸಿದ್ದೇನೆ? ಈಗ ಬೇರೆ ಊರಿನಿಂದ ಒಬ್ಬ ದುಭಾಷಿಯನ್ನು ಕರೆಸಿ, ಆರು ವರ್ಷದಲ್ಲಿ ನಾನು ಕೂರಿಸಿ ಮಾತಾಡಿಸಿದ ಒಬ್ಬೊಬ್ಬ ಹೆಂಗಸಿಗೂ ಫೋನ್ ಮಾಡಿಸುತ್ತಿದ್ದಾರೆ. ಆ ದಿನ ಇವಳು ನಿಜವಾಗಿ ನಿಮ್ಮನ್ನು ಏನು ಕೇಳಿದಳು, ನೀವು ನಿಜವಾಗಿ ಏನು ಹೇಳಿದಿರಿ, ಎಂದು.

ನಾನು ಎದ್ದು, ಗಿರಿಜಕ್ಕನಿಗೆ ಈ ವಿಷಯ ನಾನೇ ಹೋಗಿ ಕನ್ನಡದಲ್ಲಿ ಹೇಳುತ್ತೇನೆ, ಅಷ್ಟಾದರೂ ಮಾಡುತ್ತೇನೆ, ಎಂದೆ.

ಬೇಡ, ಎಂದಳು ಡೆನೀಸ್. ಅವರಿಗೆ ಏನು ಹೇಳುವುದಿದ್ದರೂ ಇನ್ನು ಬೇರೆಯವರು ಹೇಳುತ್ತಾರೆ.