ಅಜ್ಜಿಯ ಅಳು ಸೊರಬಕ್ಕೆ ಹೋದ ದಿನ

ಪ್ರಾರ್ಥನೆಯಲ್ಲಿ ನನ್ನ ಜೊತೆ ಮೊಣಕಾಲೂರಿದ ಅಕ್ಕತಂಗಿಯರೇ, ಇದನ್ನು ಬರೆಯುವಾಗಲೂ ಎಲ್ಲ ಕನಸಿನಲ್ಲಿ ನಡೆದಂತೆಯೇ ಅನಿಸುತ್ತದೆ.

ನಾನು ಶಿಕಾರಿಪುರದ ಕಡೆಯ ಲಂಬಾಣಿ ತಾಂಡಾದವಳು. ಅಪ್ಪನ ಕಾಲದಿಂದ ನಾವು ಯೇಸುವನ್ನು ನಂಬಿದವರು. ಕಾಲೇಜು ಹಾಸ್ಟೆಲಿನಲ್ಲಿ ನನ್ನ ರೂಮಿನವಳು ಸೊರಬದ ಶೀಲಾ, ಅವಳೂ ವಿಶ್ವಾಸಿಯೇ. ಒಂದು ಸಂಜೆ ಅಜ್ಜಿ ನನ್ನನ್ನು ನೋಡಲು ಬಂದಳು. ಬಹಳ ದಿನದ ಮೇಲೆ ಕಂಡವರ ಕೊರಳು ತಬ್ಬಿ ರಾಗವೆಳೆದು ಅಳುವುದು ನಮ್ಮ ಹೆಂಗಸರ ಪದ್ಧತಿ. ಗೇಟಿನಲ್ಲೇ ಶುರುವಾಯಿತು. ಯಾರೋ ತೀರಿಹೋದರೆಂದುಕೊಂಡ ಶೀಲಾ ಹುಡುಗಿಯರನ್ನೆಲ್ಲ ಕರೆದು ಸಾಂತ್ವನದ ಪ್ರಾರ್ಥನೆಗೇ ನಿಂತುಬಿಟ್ಟಳು! ವಿಷಯ ತಿಳಿದ ಮೇಲೆ ನಗುವೋ ನಗು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ನಗುತ್ತಿದ್ದೆ.

“ಯೇಸುನ ನಂಬಿದ್ಮೇಲೂ ತಾಂಡಾದ ಈ ಗೋಳು ಯಾಕೆ ಮಾರಾಯ್ತಿ?” ಎಂದಳು ಶೀಲಾ.

ನನಗೆ ಉರಿದುಹೋಯಿತು. ನಾವು ಅಳುವುದಕ್ಕೂ ಇವಳ ಅಪ್ಪಣೆ ಕೇಳಬೇಕೆ? ಮಾತು ಬಿಟ್ಟೆ, ಪ್ರಾರ್ಥನಾಕೂಟ ಬಿಟ್ಟೆ. ಸಭೆಯಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಹತ್ತಿರ ಬಂದರೆ ಕೈ ಮೇಲೇಳುತ್ತಿರಲಿಲ್ಲ. ಮುನಿಸಿಟ್ಟುಕೊಂಡು ಹೇಗೆ ತೆಗೆದುಕೊಳ್ಳಲಿ? “ಕರ್ತನೇ, ಅವಳನ್ನು ಕ್ಷಮಿಸುವ ಮನಸ್ಸು ಕೊಡು, ಇಲ್ಲವೇ ರೂಮಾದರೂ ಬದಲಿಸು” ಎಂದು ಬೇಡಿದೆ. ಎರಡೂ ಆಗಲಿಲ್ಲ. ಕರ್ತನೂ ಅವಳ ಕಡೆಯೇ ಅಂದುಕೊಂಡು ಅತ್ತೆ, ರಾಗವಿಲ್ಲದೆ.

ಅಷ್ಟರಲ್ಲಿ ಶೀಲಾಳ ತಾಯಿ ತೀರಿಕೊಂಡರು. ಹೋಗಬಾರದೆಂದುಕೊಂಡೇ ಸೊರಬದ ಬಸ್ಸು ಹತ್ತಿದೆ. ಹೊರಗೆ ಮಂಜು; ಗದ್ದೆ, ಕೆರೆ, ಮರ ಎಲ್ಲ ಅದರಲ್ಲಿ ಕರಗಿದ್ದವು. ಕಿಟಕಿಗೆ ತಲೆಯಾನಿಸಿ ಅರೆನಿದ್ದೆಯಲ್ಲಿದ್ದೆ. ಬಸ್ಸಿನ ಗುಂಯ್ ಸದ್ದಿನೊಳಗೆ ಅಜ್ಜಿಯ ರಾಗ ಕೇಳುತ್ತಿತ್ತು.

ಮಣ್ಣು ಮಾಡಿ ಬಂದರೂ ಶೀಲಾ ಒಂದು ಹನಿ ಕಣ್ಣೀರು ಹಾಕಿಲ್ಲವೆಂದು ಅವಳ ಚಿಕ್ಕಮ್ಮ ಹೆದರಿದ್ದರು. ಹೇಳಲೆಂದು ಕಲಿತುಕೊಂಡು ಹೋಗಿದ್ದ ಬೈಬಲ್ ವಚನ ನನಗೆ ಮರೆತೇಹೋಯಿತು. ಕೈ ತಾನಾಗಿ ಅವಳ ಕೊರಳಿಗೆ ಹೋಯಿತು. ಒಮ್ಮೆಯೂ ಹಾಗೆ ಅತ್ತಿರದ ನನ್ನ ಬಾಯಿಂದ ಅಜ್ಜಿಯ ಅಳು ಬಂತು. ನಮ್ಮ ಲಂಬಾಣಿ ಮಾತಿನಲ್ಲೇ ಅವಳಮ್ಮನನ್ನು ಹೆಸರು ಹಿಡಿದು ಕರೆದೆ. ನಮ್ಮಿಬ್ಬರಿಗೆಂದು ಕಟ್ಟಿ ಕಳಿಸುತ್ತಿದ್ದ ಅಕ್ಕಿರೊಟ್ಟಿಯನ್ನು ನೆನೆದೆ. ಅವಳಿಗೆ ಆ ಹೆಸರೊಂದೇ ಅರ್ಥವಾಗಿರಬೇಕು. ಆಮೇಲೆ ಕಟ್ಟೆಯೊಡೆದಂತೆ ಅತ್ತಳು. ನಾನು ನಿಲ್ಲಿಸಹೋದಾಗ ಬಿಗಿಯಾಗಿ ಹಿಡಿದುಕೊಂಡಳು.

“ನಿಲ್ಲಿಸ್ಬೇಡ ಕಣೇ. ಅಮ್ಮನ್ನ ಇನ್ನೊಂದ್ಸಲ ಕರಿ.”

ಕರೆದೆ. ನನ್ನ ಸಿಟ್ಟು ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಅವಳು ಹಾಸ್ಟೆಲಿಗೆ ಮರಳಿದ ಮೇಲೆ ಇಬ್ಬರೂ ಸಭೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ರೊಟ್ಟಿ ತೆಗೆದುಕೊಂಡೆವು. ಅಜ್ಜಿ ಮತ್ತೆ ಬಂದ ಸಂಜೆ, ನನಗಿಂತ ಮೊದಲು ಗೇಟಿಗೆ ಓಡಿ ಕೊರಳು ಕೊಟ್ಟವಳು ಶೀಲಾ. ಅಜ್ಜಿಯ ಚೀಲ ಹಿಡಿದುಕೊಂಡು ನನ್ನ ಸರದಿಗೆ ನಾನು ಕಾಯಬೇಕಾಯಿತು.

ಕರ್ತನಿಗೆ ಸ್ತೋತ್ರ. ರೂಮು ಬದಲಿಸದಿದ್ದುದಕ್ಕೂ ಸ್ತೋತ್ರ.