ಗಾಳಿಪೆಟ್ಟಿಗೆ ಈರ

ತೆಂಗಿನಗುಂಡಿಯ ಬಂದರಿನಲ್ಲಿ ಈರ ಮೊಗೇರ ಎಂದು ಕೇಳಿದರೆ ಪ್ರಯೋಜನವಿಲ್ಲ. ಆ ಹೆಸರಿನವರು ಅಲ್ಲಿ ಐದಾರು ಜನ ಇದ್ದಾರೆ. ಗಾಳಿಪೆಟ್ಟಿಗೆ ಈರ ಎನ್ನಿ, ಬಲೆ ಹೊಲಿಯುವವರು ತಲೆ ಎತ್ತದೆಯೇ ನಕ್ಕು ದಾರಿ ಹೇಳುತ್ತಾರೆ. ಹೆಗಲಿಗೆ ರೆಕ್ಸಿನ್ ಚೀಲ, ಅದರೊಳಗೆ ಸ್ಕ್ರೂಡ್ರೈವರು, ಸೆಲ್ಲು, ಒಣ ಬ್ರಷ್ಷು. ಭಟ್ಕಳ, ಹೊನ್ನಾವರ, ಕುಮಟಾ ಎಲ್ಲಿಂದ ಕರೆ ಬಂದರೂ ಬಸ್ಸು ಹತ್ತಿ ಹೋಗುತ್ತಾನೆ. ಹೋದವನು ತೆಪ್ಪಗೆ ಕೆಲಸ ಮಾಡಿ ಬರುವ ಜಾತಿಯಲ್ಲ. ಬೋಟಿನಲ್ಲಿ ವಿಷಗಾಳಿಗೆ ಕೂಗುವ ಪೆಟ್ಟಿಗೆ ಕೆಟ್ಟಿದ್ದರೆ ಅದನ್ನು ಕಿತ್ತು ಕೈಯಲ್ಲಿ ಎತ್ತಿ ಹಿಡಿದು, ಅಷ್ಟೂ ಜನರನ್ನು ಒಟ್ಟುಮಾಡಿ, "ಇದು ಸತ್ತಿದೆ! ಇದ್ನ ನಂಬ್ಕಂಡು ಯಾರೂ ಮಲಗ್ಬೇಡಿ!" ಎಂದು ಬಂದರಿಗೆಲ್ಲ ಕೇಳುವಂತೆ ಕೂಗುತ್ತಾನೆ. ತಲೆ ಕೆಟ್ಟಿದೆ ಎನ್ನುತ್ತಾರೆ ಜನ. ಅನ್ನಲಿ. ಕೂಗಲೇಬೇಕಾದ ದಿನ ಅವನು ಬಾಯಿ ಮುಚ್ಚಿಕೊಂಡಿದ್ದ ಎಂಬುದು ಅವರಿಗೇನು ಗೊತ್ತು?

ಹನ್ನೊಂದು ವರ್ಷ ಈರ ಶಾರ್ಜಾದಲ್ಲಿ, ಹಡಗು ಎಳೆಯುವ ಟಗ್ಗಿನಲ್ಲಿ ವೈರಿಂಗ್ ಕೆಲಸ ಮಾಡಿಕೊಂಡಿದ್ದ. ಅರ್ಧಂಬರ್ಧ ಉರಿದ ಎಣ್ಣೆಯಿಂದ, ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಗಾಳಿ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಮಲಗಿದವನನ್ನು ಎಬ್ಬಿಸದೆಯೇ ಕೊಂದುಬಿಡುತ್ತದೆ ಎಂದು ಕಲಿತದ್ದು ಅಲ್ಲೇ. ೧೯೯೯ರಲ್ಲಿ ಊರಿಗೆ ಮರಳುವಾಗ ಉಳಿದವರು ಟೇಪ್ ರೆಕಾರ್ಡರು, ಸೆಂಟಿನ ಬಾಟಲಿ ತಂದರೆ, ಇವನು ಆ ಗಾಳಿ ಬಂದರೆ ಕೂಗಿಕೊಳ್ಳುವ ಅಂಗೈಯಗಲದ ಬಿಳಿ ಪೆಟ್ಟಿಗೆ ತಂದ. "ಇದ್ನ ಎಂತ, ಕುತ್ಗೆಗೆ ಕಟ್ಕಳುದಾ?" ಎಂದು ಹೆಂಡತಿ ಗಂಗಿ ಮುಖ ಊದಿಸಿಕೊಂಡಳು.

ಈರ ಅದನ್ನು 'ದುರ್ಗಾಂಬಾ' ಎಂಬ ಬೋಟಿನ ಕ್ಯಾಬಿನ್ನಿನಲ್ಲಿ, ಮಲಗಿದವನ ತಲೆಯ ಮಟ್ಟಕ್ಕೆ ಕೂರಿಸಿದ. ಆ ಬೋಟು ನಡೆಸುವ ತಾಂಡೇಲ ರಾಜೀವ. ಈರನ ತಂಗಿ ನಾಗಿಯ ಗಂಡ. ಮೊದಲ ವರ್ಷವೇ ಒಮ್ಮೆ, ಮಳೆಯೆಂದು ಇದ್ದಿಲ ಒಲೆಯನ್ನು ಒಳಗಿಟ್ಟುಕೊಂಡು ಅನ್ನ ಬೇಯಿಸುತ್ತಿದ್ದಾಗ ಪೆಟ್ಟಿಗೆ ಕಿರುಚಿಕೊಂಡಿತು. ತಲೆಭಾರದಲ್ಲಿ ತೂಕಡಿಸುತ್ತಿದ್ದವರೆಲ್ಲ ಎದ್ದುಬಿದ್ದು ಹೊರಗೆ ಬಂದರು. ಅಲ್ಲಿಂದ ಪೆಟ್ಟಿಗೆಗೂ ಈರನಿಗೂ ಮರ್ಯಾದೆ ಬಂತು. ಅವನೋ, ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಪಾಠ ಹೇಳತೊಡಗಿದ: ಬ್ರಷ್ಷಿನಲ್ಲಿ ಧೂಳು ತೆಗೆಯಬೇಕು, ಒದ್ದೆ ಬಟ್ಟೆ ತಾಗಿಸಬಾರದು, ಬಣ್ಣ ಬಳಿಯಬಾರದು, ಐದು ವರ್ಷಕ್ಕೆ ಹೊಸದು ಹಾಕಬೇಕು. ವಾರಕ್ಕೊಮ್ಮೆ ಗುಂಡಿ ಒತ್ತಿ ಕೂಗು ಕೇಳುವುದು ರಾಜೀವನ ಪಾಲಿಗೆ ಬಂತು. ಒಂದು ವಾರವೂ ಅವನು ತಪ್ಪಿಸಲಿಲ್ಲ.

ಐದು ವರ್ಷ ತುಂಬಿತು. ೨೦೦೪ರ ಮಳೆಗಾಲದಲ್ಲಿ ಭಟ್ಕಳ ಪೇಟೆಯ ಅಂಗಡಿಯವರ ಮೂಲಕ ದುಬೈನಿಂದ ಹೊಸ ಪೆಟ್ಟಿಗೆ ತರಿಸಿ ಈರ ಹಳೆಯದರ ಜಾಗದಲ್ಲಿ ಹಾಕಿದ. ಆಗಸ್ಟಿನಲ್ಲಿ ಕಡಲಿಗಿಳಿಯುವ ಮೊದಲ ದಿನ ಬೋಟಿನ ಪೂಜೆ. ಎಂಜಿನ್ನು, ಚುಕ್ಕಾಣಿ, ದಿಕ್ಸೂಚಿ, ಎಲ್ಲಕ್ಕೂ ಗಂಧ, ಕುಂಕುಮ, ಹೂವು. ಕಾಯುವ ಪೆಟ್ಟಿಗೆಯನ್ನು ಬಿಟ್ಟರೆ ಹೇಗೆ? ಗಂಗಿ ಕ್ಯಾಬಿನ್ನಿಗೆ ಹತ್ತಿದಳು. ಅದರ ಮುಖದ ಸಣ್ಣ ಸಣ್ಣ ಸೀಳುಗಳ ಮೇಲೆಯೇ ನೀರುಗಂಧ ಬಳಿದು, ಎಣ್ಣೆಯಲ್ಲಿ ಕಲಸಿದ ಕುಂಕುಮವಿಟ್ಟು, ತೆಂಗಿನಕಾಯಿಯ ನೀರನ್ನು ಮೂರು ಸಲ ಚಿಮುಕಿಸಿ ಕೈಮುಗಿದಳು. ಗಂಡ ತಂದ ವಸ್ತು, ನಾದಿನಿಯ ಗಂಡನನ್ನು ಕಾಯುವ ವಸ್ತು; ಭಕ್ತಿಯಿಂದಲೇ ಮಾಡಿದಳು. ಆ ಸೀಳುಗಳೇ ಪೆಟ್ಟಿಗೆಯ ಮೂಗು ಎಂದು ಐದು ವರ್ಷ ಊರಿಗೆಲ್ಲ ಪಾಠ ಹೇಳಿದವನು ಮನೆಯಲ್ಲಿ ಹೇಳಿರಲಿಲ್ಲ.

ಈರ ನೋಡಿ ಬೆವರಿದ. "ಒರೆಸಿ ತರ್ತೆ" ಎಂದು ಪೆಟ್ಟಿಗೆಯನ್ನು ಮನೆಗೆ ಒಯ್ದ. ಅದನ್ನು ಪರೀಕ್ಷಿಸಲು ಅವನದೇ ಒಂದು ಉಪಾಯವಿತ್ತು: ಅಕ್ಕಿಯ ದೊಡ್ಡ ಡಬ್ಬಿಯ ತಳದಲ್ಲಿ ತೆಂಗಿನ ಗೆರಟೆಯ ಕೆಂಡವಿಟ್ಟು, ಮೇಲೆ ಪೆಟ್ಟಿಗೆ ತೂಗುಹಾಕಿ, ಮುಚ್ಚಳ ಹಾಕುವುದು. ಹತ್ತು ನಿಮಿಷದೊಳಗೆ ಕೂಗಲೇಬೇಕು. ಅಂದು ಅರ್ಧ ಗಂಟೆ ಕಾದ. ಕೂಗಲಿಲ್ಲ. ಹೊರಗೆ ತೆಗೆದು ಗುಂಡಿ ಒತ್ತಿದರೆ ಮಾತ್ರ ಗಟ್ಟಿಯಾಗಿ ಕೂಗಿತು. ಗುಂಡಿಗೆ ಗೊತ್ತಿರುವುದು ಸೆಲ್ಲು ಮತ್ತು ಗಂಟಲು ಎರಡೇ. ಮೂಗು ಹೋಗಿತ್ತು.

"ಹೊಸಾ ಪೆಟ್ಗೆ ಕೊಂದ್ಹಾಕ್ದೆ ಮಾರಾಯ್ತಿ! ಯಾರ ಹತ್ರನೂ ಉಸಿರೆತ್ಬೇಡ," ಎಂದು ಹೆಂಡತಿಗೆ ಬೈದ. ಮೊದಲ ದಿನವೇ ಹೆಂಗಸಿನ ಕೈಯಿಂದ ಬೋಟಿನ ವಸ್ತು ಹಾಳಾಯಿತೆಂದರೆ ಅಪಶಕುನವೆನ್ನುತ್ತಾರೆ, ಗಂಗಿಯ ಹೆಸರು ಬಂದರಿನವರ ಬಾಯಿಗೆಲ್ಲ ಬೀಳುತ್ತದೆ, ಅದಕ್ಕೇ ಸುಮ್ಮನಾದೆ ಎಂದು ತನಗೆ ತಾನೇ ಹೇಳಿಕೊಂಡ. ಅದರಲ್ಲಿ ಅರ್ಧ ಸುಳ್ಳು. ಉಳಿದರ್ಧ, ಊರಿಗೆ ಬುದ್ಧಿ ಹೇಳುವವನ ಮನೆಯಲ್ಲೇ ಹೀಗಾಯಿತಂತೆ ಎಂದು ನಗುವವರ ಹೆದರಿಕೆ. ಇನ್ನೊಂದು ಪೆಟ್ಟಿಗೆ ಬರಲು ಒಂದೂವರೆ ತಿಂಗಳು. ಅಲ್ಲಿಯವರೆಗೆ ಏನಾಗುತ್ತದೆ ಮಹಾ ಎಂದುಕೊಂಡು, ಕೆಟ್ಟದ್ದನ್ನೇ ಒಯ್ದು ಕ್ಯಾಬಿನ್ನಿನಲ್ಲಿ ಕೂರಿಸಿದ.

ರಾಜೀವ ಗುಂಡಿ ಒತ್ತಿ, ಕೂಗು ಕೇಳಿ, "ಸಮಾ ಇದ್ಯಾ ಬಾವ?" ಎಂದ.

"ಕೇಳ್ತಲ್ಲ," ಎಂದ ಈರ.

ಸೆಪ್ಟೆಂಬರ್ ಮೂರನೆಯ ವಾರ. ಬೇರೆ ಪೆಟ್ಟಿಗೆ ಇನ್ನೂ ಬಂದಿರಲಿಲ್ಲ. ದುರ್ಗಾಂಬಾ ಕಡಲಿನಲ್ಲಿತ್ತು. ಎಂಜಿನ್ನಿನ ಡೈನಮೊ ಕೈಕೊಟ್ಟಿತೆಂದು ಬ್ಯಾಟರಿ ತುಂಬಲು ಕ್ಯಾಬಿನ್ನಿನ ಹಿಂದೆ ಸೀಮೆಎಣ್ಣೆಯ ಜನರೇಟರ್ ಹಚ್ಚಿದ್ದರು. ಬೆಳಗಿನ ಹೊತ್ತು ಗಾಳಿಮಳೆ ಬಂತು. ಜನರೇಟರ್ ನೆನೆಯದಿರಲೆಂದು ಟಾರ್ಪಾಲು ಇಳಿಬಿಟ್ಟರು. ಹೊಗೆಗೆ ಹೊರಹೋಗಲು ಇದ್ದ ದಾರಿ ಕ್ಯಾಬಿನ್ನಿನ ಕಿಂಡಿ ಒಂದೇ. ಇರುಳೆಲ್ಲ ಚುಕ್ಕಾಣಿ ಹಿಡಿದಿದ್ದ ರಾಜೀವ ಒಳಗೆ ಒಬ್ಬನೇ ಮಲಗಿದ್ದ. ಹನ್ನೊಂದು ಗಂಟೆಗೆ ಊಟಕ್ಕೆ ಎಬ್ಬಿಸಲು ಹೋದವರು ಅವನನ್ನು ಹೊತ್ತು ಹೊರಗೆ ತಂದರು. ದಡ ಮುಟ್ಟುವ ಹೊತ್ತಿಗೆ ಮೈ ಸೆಟೆದಿತ್ತು.

ಪೆಟ್ಟಿಗೆ ಯಾಕೆ ಕೂಗಲಿಲ್ಲ ಎಂದು ಬೋಟಿನವರು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವನು ಈರ ಒಬ್ಬನೇ. ತಂಗಿ ಅಂಗಳದಲ್ಲಿ ಬಿದ್ದು ಹೊರಳುತ್ತಿದ್ದಳು. ಅವನ ಬಾಯಿಂದ ಬಂದದ್ದು, "ಸೆಲ್ಲು ಹೋಗಿತ್ತು ಕಾಣ್ತದೆ."

ಅಷ್ಟು ಸಾಕಾಯಿತು. ಸೆಲ್ಲು ನೋಡಿಕೊಳ್ಳುವವನು ರಾಜೀವನೇ ಅಲ್ಲವೇ? ಪಾಪ, ಮರೆತಿರಬೇಕು ಎಂದರು ಕೆಲವರು. ತಾಂಡೇಲನಿಗೆ ಅಷ್ಟೂ ಜವಾಬ್ದಾರಿ ಬೇಡವೇ ಎಂದರು ಹಲವರು. ತಪ್ಪು ಸತ್ತವನ ತಲೆಗೆ ಹೋಗಿ ಕೂತಿತು, ಸತ್ತವನು ಎದ್ದು ಬಂದು ಇಲ್ಲ ಎನ್ನುವಂತಿಲ್ಲ. ಇಂಥ ಹೇಡಿತನವನ್ನು ಯಾವ ಹೆಸರಿನಿಂದ ಕರೆದರೂ ಕಡಿಮೆಯೇ. ಈರ ಯಾರಿಗೂ ಕಾಣದಂತೆ ಪೆಟ್ಟಿಗೆ ಬಿಚ್ಚಿ ಕಡಲಿಗೆ ಎಸೆದ.

ಮೂರು ತಿಂಗಳು ಕಳೆದವು. ಒಂದು ದಿನ ಮೀನು ಹರಾಜಿನಲ್ಲಿ ನಾಗಿಯ ಎದುರಿಗೇ ಒಬ್ಬ, "ನಿನ್ನ ಗಂಡ ಒಂದು ಸೆಲ್ ನೋಡಿದ್ರೆ ನಿಂಗೆ ಈ ಬುಟ್ಟಿ ಹೊರುದು ಇರ್ಲಿಲ್ಲ," ಎಂದ. ನಾಗಿ ಬುಟ್ಟಿ ಎತ್ತಿಕೊಂಡು ನಡೆದಳು. ಪಕ್ಕದಲ್ಲೇ ನಿಂತಿದ್ದ ಈರನಿಗೆ ಅದು ಸಹಿಸಲಾಗಲಿಲ್ಲ. ಆಗಲೂ ಆ ಮನುಷ್ಯನಿಗೆ ಎದುರಾಡಲಿಲ್ಲ. ತಂಗಿಯ ಹಿಂದೆ ಅವಳ ಮನೆಯವರೆಗೆ ಹೋದ. ಜಗುಲಿಯಲ್ಲಿ ಕೂತು, ಗಂಧದಿಂದ ಹಿಡಿದು ಸೆಲ್ಲಿನ ಸುಳ್ಳಿನವರೆಗೆ ಎಲ್ಲ ಹೇಳಿದ. ಹೇಳುತ್ತ ಅತ್ತ. ತಂಗಿ ಹೊಡೆಯಲಿ, ಉಗಿಯಲಿ, ಮಣ್ಣು ತೂರಲಿ ಎಂದು ಕಾದ.

ನಾಗಿ ಸೆರಗಿನಿಂದ ಕೈ ಒರೆಸಿಕೊಂಡಳು.

"ನಂಗೆ ಗೊತ್ತಿತ್ತು ಅಣ್ಣಾ."

ಈರ ತಲೆಯೆತ್ತಿದ.

"ಪೂಜೆ ಆದ ಮರುದಿನವೇ ಅತ್ಗೆ ಬಂದು ಅತ್ಕಂಡು ಹೇಳಿದ್ಲು, ಪೆಟ್ಗೆ ಹಾಳಾಗಿದೆ ಅಂತ. ನಾ ಇವ್ರ ಹತ್ರ ಹೇಳ್ದೆ. ಹೋಗುದು ಬೇಡ, ಹೊಸದು ಬರ್ಲಿ ಅಂದೆ. ಅವ್ರು ನನ್ನೇ ನಗಾಡಿದ್ರು. 'ಗಂಗಕ್ಕಂಗೆ ಎಂತ ಗೊತ್ತು? ಹಾಳಾಗಿದ್ರೆ ಬಾವ ನಂಗೆ ಹೇಳ್ದೇ ಇರುದಿಲ್ಲ. ಅವ ಹೇಳ್ಲಿಲ್ಲ ಅಂದ್ರೆ ಸಮಾ ಇದೆ ಅಂತ್ಲೇ ಲೆಕ್ಕ' ಅಂದ್ರು. ಹಂಗೆ ಅಂದು ಕಡ್ಲಿಗೆ ಹೋದ್ರು."